ಪೇಟೆಯ ಕೆಳಗೊಂದು ಕಾಲುವೆ ದಡ

ಭಾನುವಾರ ಬೆಳಗ್ಗೆ ಚಿಕ್ಕಪೇಟೆಯಲ್ಲಿ ನಡೆಯುವುದು ಸುಲಭ. ಸೀರೆ ಅಂಗಡಿಗಳ ಷಟರ್ ಎಳೆದಿರುತ್ತವೆ, ಕೈಗಾಡಿಗಳು ಗೋಡೆಗೆ ಒರಗಿರುತ್ತವೆ. ಮೆಟ್ರೋ ನಿಲ್ದಾಣದಿಂದ ಹೊರಬಂದು ಬಳೇಪೇಟೆ, ಅಕ್ಕಿಪೇಟೆ, ಕಾಟನ್‌ಪೇಟೆ ದಾಟಿ ಪಶ್ಚಿಮಕ್ಕೆ ಹೊರಟೆ. ಕಾಟನ್‌ಪೇಟೆ ಮುಗಿಯುತ್ತಿದ್ದಂತೆ ರಸ್ತೆ ಇಳಿಯತೊಡಗುತ್ತದೆ. ಬಸ್ಸಿನಲ್ಲೋ ಆಟೋದಲ್ಲೋ ಹೋದರೆ ಈ ಇಳಿಜಾರು ಗಮನಕ್ಕೆ ಬರುವುದಿಲ್ಲ, ನಡೆದರೆ ಮಂಡಿಗೆ ಗೊತ್ತಾಗುತ್ತದೆ.

ಬೆಂಗಳೂರು ಕೂತಿರುವುದು ದಿಬ್ಬದ ಮೇಲೆ. ದಿಬ್ಬದ ಪೂರ್ವಕ್ಕೆ ಬಿದ್ದ ಮಳೆ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿ ಸೇರುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಗೆ, ಅಲ್ಲಿಂದ ಬೈರಮಂಗಲ ಕೆರೆಗೆ, ಮುಂದೆ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ. ವೃಷಭಾವತಿ ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತಾಳೆಂದು ನಂಬುವವರಿದ್ದಾರೆ, ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಎದುರಿನ ನಂದಿತೀರ್ಥವನ್ನು ತೋರಿಸುವವರೂ ಇದ್ದಾರೆ. ಎರಡೂ ಕಡೆಯಿಂದ ಇಳಿದು ಬಂದ ತೊರೆಗಳು ಮೈಸೂರು ರಸ್ತೆಯ ಆಸುಪಾಸಿನಲ್ಲಿ ಒಂದಾಗುತ್ತವೆ. ನಾನು ಹೊರಟಿದ್ದು ಅಂಥದ್ದೊಂದು ಮರಿ ಕಾಲುವೆಯ ದಡಕ್ಕೆ. ಕೆಲವು ವರ್ಷಗಳಿಂದ ಅಲ್ಲಿ ಹತ್ತಿರದ ಬಡಾವಣೆಗಳ ಜನ ಭಾನುವಾರಗಳಂದು ಸೇರಿ ಈ ಸೀಮೆಯ ಗಿಡಗಳನ್ನು ಮತ್ತೆ ಬೆಳೆಸುತ್ತಿದ್ದಾರೆ. ಜಾಗದ ಹೆಸರನ್ನು ಬರೆಯುತ್ತಿಲ್ಲ, ಅದು ಅವರದೇ ಕೋರಿಕೆ. ಜನ ಹೆಚ್ಚಾದರೆ ಎಳೆ ಸಸಿಗಳು ಕಾಲಿಗೆ ಸಿಗುತ್ತವೆ ಎಂಬ ಅವರ ಭಯದಲ್ಲಿ ಅರ್ಥವಿದೆ.

ಒಂದು ಗೋದಾಮಿನ ಕಾಂಪೌಂಡಿಗೂ ಒಂದು ಸಾಲು ಮನೆಗಳ ಹಿತ್ತಿಲಿಗೂ ನಡುವೆ ಗಲ್ಲಿ. ಅದರ ಕೊನೆಗೆ ಕಲ್ಲುಚಪ್ಪಡಿ ಹಾಸಿದ ಸಣ್ಣ ಸೇತುವೆ. ಸೇತುವೆಗಿಂತ ಮೊದಲು ಸಿಗುವುದು ವಾಸನೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೆಳಗೆ ಹರಿಯುತ್ತಿದ್ದ ನೀರು ಬೂದು ಬಣ್ಣದ್ದು, ಅಂಚಿನಲ್ಲಿ ನೊರೆ. ಆಷಾಢದ ಮಳೆ ಎರಡು ದಿನ ಹೊಡೆದಿದ್ದರಿಂದ ಸ್ವಲ್ಪ ತೆಳುವಾಗಿದೆ, ಬೇಸಿಗೆಯಲ್ಲಿ ಇನ್ನೂ ಗಟ್ಟಿ ಎಂದು ಸೇತುವೆಯ ಮೇಲೆ ಸಿಕ್ಕವರು ಹೇಳಿದರು.

ಆ ನೀರನ್ನು ನೋಡುತ್ತಾ ನಿಂತಾಗ ಒಂದು ವಿಷಯ ಕಾಡಿತು. ಈ ತೊರೆಗಳು ಹಿಂದೆ ಮಳೆಗಾಲದವು. ಮಳೆ ಬಂದಾಗ ಹರಿದು, ಕೆರೆ ತುಂಬಿಸಿ, ಬೇಸಿಗೆಗೆ ಒಣಗಿ, ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ಮಾತ್ರ ತೇವ ಉಳಿಸಿಕೊಳ್ಳುತ್ತಿದ್ದವು. ಈಗ ವರ್ಷದ ಅಷ್ಟೂ ದಿನ ಹರಿಯುತ್ತವೆ. ಕಾವೇರಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದ ನೀರನ್ನು ನಾವು ಬಳಸಿ ಬಿಟ್ಟಿದ್ದೇ ಇಲ್ಲಿ ಹರಿಯುವುದು. ಶಿವಸಮುದ್ರದ ಮೇಲ್ಭಾಗದಲ್ಲಿ ಎತ್ತಿದ ಕಾವೇರಿ, ಬಚ್ಚಲು, ಅಡುಗೆಮನೆ, ಪಾಯಿಖಾನೆಗಳನ್ನು ಸುತ್ತಿ ಇದೇ ಇಳಿಜಾರಿನಲ್ಲಿ ಮತ್ತೆ ಕಾವೇರಿಗೆ ಹೋಗುತ್ತಿದೆ. ಇಂಥ ನೀರಿನ ದಡದಲ್ಲಿ ಮೂಲ ಸಸ್ಯಗಳನ್ನು ಮರಳಿ ತರುತ್ತೇವೆ ಎಂದರೆ ಯಾವುದನ್ನು ಮೂಲ ಎಂದು ಹಿಡಿಯುವುದು? ಇಡೀ ನಡಿಗೆಯಲ್ಲಿ ಈ ಪ್ರಶ್ನೆ ನನ್ನ ಜೊತೆಗಿತ್ತು.

ಸೇತುವೆ ದಾಟಿ ಎಡಕ್ಕೆ ಇಳಿದರೆ ಮೊದಲ ಭಾಗ. ಇಲ್ಲಿ ಕಾಲುವೆಗೆ ಎರಡೂ ಕಡೆ ಕಾಂಕ್ರೀಟ್ ಗೋಡೆ, ಆಳು ಮುಳುಗುವಷ್ಟು ಎತ್ತರ. ಗೋಡೆಯ ಮೇಲಂಚಿನಿಂದ ಹಿತ್ತಿಲುಗಳವರೆಗೆ ನಾಲ್ಕೈದು ಹೆಜ್ಜೆ ಅಗಲದ ಮಣ್ಣಿನ ಪಟ್ಟಿ ಉಳಿದಿದೆ. ನಗರದ 2015ರ ಪರಿಷ್ಕೃತ ಮಹಾಯೋಜನೆಯ ಪ್ರಕಾರ ರಾಜಕಾಲುವೆಯ ನಡುಗೆರೆಯಿಂದ 50 ಮೀಟರ್, ಎರಡನೇ ದರ್ಜೆಯದಕ್ಕೆ 25, ಮೂರನೆಯದಕ್ಕೆ 15 ಮೀಟರ್ ಖಾಲಿ ಬಿಡಬೇಕಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು ಇನ್ನೂ ಹಿಗ್ಗಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಪೇಟೆಯ ಸುತ್ತ ಇದೆಲ್ಲ ಕಾಗದದ ಮಾತು. ಮನೆಗಳು ಈ ಲೆಕ್ಕಗಳಿಗಿಂತ ಮೊದಲೇ ಇಲ್ಲಿದ್ದವು. ಉಳಿದಿರುವ ನಾಲ್ಕೈದು ಹೆಜ್ಜೆಯೇ ಇವರ ಹೊಲ.

ಆ ಹೊಲದಲ್ಲಿ ಹತ್ತು ಹನ್ನೆರಡು ಜನ ಬಗ್ಗಿ ಕೆಲಸ ಮಾಡುತ್ತಿದ್ದರು. ನಿವೃತ್ತ ಶಿಕ್ಷಕಿಯೊಬ್ಬರು, ಸೀರೆ ಅಂಗಡಿಯ ಲೆಕ್ಕ ಬರೆಯುವ ಒಬ್ಬರು, ಕಾಲೇಜಿನ ಹುಡುಗ ಹುಡುಗಿಯರು, ಹಿತ್ತಿಲ ಮನೆಯ ಅಜ್ಜಿ. ಅಜ್ಜಿ ಕೆಲಸ ಮಾಡುತ್ತಿರಲಿಲ್ಲ, ಮೆಟ್ಟಿಲ ಮೇಲೆ ಕೂತು ಯಾವ ಗಿಡ ಯಾವುದೆಂದು ಹೇಳುತ್ತಿದ್ದರು. ಎಲ್ಲರ ಕೈಗೂ ರಬ್ಬರ್ ಗವಸು, ಕಾಲಿಗೆ ಬೂಟು.

ಗುಂಡಿ ತೋಡುವುದನ್ನು ಹತ್ತಿರದಿಂದ ನೋಡಿದೆ. ಹಾರೆ ಹಾಕಿದರೆ ಮೊದಲ ಗೇಣಿನಲ್ಲಿ ಮಣ್ಣೇ ಇಲ್ಲ. ಇಟ್ಟಿಗೆ ಚೂರು, ಮೊಸಾಯಿಕ್ ಚೂರು, ಗಾರೆ, ಪ್ಲಾಸ್ಟಿಕ್ ಕವರು. ಅದರ ಕೆಳಗೆ ಬಟ್ಟೆ. ಸೀರೆಯ ಅಂಚು, ರವಿಕೆ ಕಣದ ತುಂಡು, ಹಳೆಯ ಲುಂಗಿ, ಎಲ್ಲ ಹೂಳಿನಲ್ಲಿ ಅಂಟಿ ಹಲಗೆಯಂತಾಗಿದ್ದವು. ಎಳೆದರೆ ಬರುವುದಿಲ್ಲ, ಕುಡುಗೋಲಿನಲ್ಲಿ ಕೊಯ್ಯಬೇಕು. ಅದರ ಕೆಳಗೆ, ಮೊಣಕಾಲಾಳದಲ್ಲಿ, ಕೆಮ್ಮಣ್ಣು. ಸಸಿಯ ಬೇರು ಆ ಮಣ್ಣಿಗೆ ತಾಗುವಂತೆ ಗುಂಡಿ ತೋಡುವುದು ಇಲ್ಲಿಯ ನಿಯಮ. ಹಾಗಾಗಿ ಒಂದು ಬೆಳಗ್ಗೆಗೆ ಕೆಲವೇ ಗುಂಡಿ. ಒಂದೇ ದಿನದಲ್ಲಿ ಸಾವಿರ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವ ವನಮಹೋತ್ಸವಗಳನ್ನು ನೋಡಿ ಬೇಸತ್ತವನಿಗೆ ಈ ನಿಧಾನ ಹಿತವೆನಿಸಿತು.

ಗುಂಡಿಯಿಂದ ತೆಗೆದ ಬಟ್ಟೆ, ಪ್ಲಾಸ್ಟಿಕ್ ಒಂದು ಕಡೆ, ಇಟ್ಟಿಗೆ ಚೂರು ಇನ್ನೊಂದು ಕಡೆ. ಚೂರುಗಳನ್ನೇ ಜೋಡಿಸಿ ಪಟ್ಟಿಯ ಉದ್ದಕ್ಕೂ ಬದು ಹಾಕಿದ್ದಾರೆ. ಗುಂಡಿಗೆ ಒಣ ಎಲೆ, ಸಗಣಿ ಗೊಬ್ಬರ, ಒಂದು ಹಿಡಿ ಹೊಂಗೆ ಹಿಂಡಿ. ಮೇಲೆ ದಪ್ಪಗೆ ಎಲೆಯ ಹೊದಿಕೆ. ಎಲೆ ಎಲ್ಲಿಂದ ಎಂದು ಕೇಳಿದೆ. ಬಸವನಗುಡಿ, ಚಾಮರಾಜಪೇಟೆಯ ರಸ್ತೆ ಗುಡಿಸುವವರು ಸುಡುತ್ತಿದ್ದ ರಾಶಿಗಳನ್ನು ಇವರು ಮೂಟೆ ಕಟ್ಟಿ ತರುತ್ತಾರಂತೆ.

ಈ ಪಟ್ಟಿಯಲ್ಲಿ ಮೂರು ನಾಲ್ಕು ಮಳೆಗಾಲ ಕಂಡ ಗಿಡಗಳೂ ಇವೆ. ಹೊಂಗೆ ಚೆನ್ನಾಗಿ ಬಂದಿದೆ. ಅದು ಬೇಳೆಕಾಳಿನ ಕುಟುಂಬದ ಮರ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತದೆ, ಕೆಟ್ಟ ಮಣ್ಣಿಗೂ ಹೆದರುವುದಿಲ್ಲ. ಎಲೆಗಳ ಮೇಲೆ ಹುಳು ಕೊರೆದ ಬಿಳಿ ಗೆರೆಗಳು ಧಾರಾಳವಾಗಿದ್ದವು, ಅದು ಹೊಂಗೆಗೆ ಮಾಮೂಲು, ಯಾರೂ ಔಷಧಿ ಹೊಡೆಯುವುದಿಲ್ಲ. ನೇರಳೆ ಸಪೂರವಾಗಿ ಎತ್ತರಕ್ಕೆ ಹೋಗಿದೆ. ಅತ್ತಿ ಒಂದೇ ಒಂದು. ಅದನ್ನು ಯಾರೂ ನೆಟ್ಟಿದ್ದಲ್ಲ, ಗೋಡೆಯ ಬಿರುಕಿನಲ್ಲಿ ಹಕ್ಕಿಯೋ ಬಾವಲಿಯೋ ಹಾಕಿದ ಬೀಜ. ಅತ್ತಿ ಇದ್ದಲ್ಲಿ ಕೆಳಗೆ ನೀರಿರುತ್ತದೆ ಎಂದು ಅಜ್ಜಿ ಅಂದರು. ಗೋಡೆಯನ್ನು ಒಡೆಯುತ್ತದೆ, ಕಿತ್ತುಹಾಕಬೇಕು ಎಂದು ಕಾಮಗಾರಿಯವರು ಹೇಳಿದ್ದಾರಂತೆ. ಇಬ್ಬರ ಮಾತೂ ಸರಿಯೇ ಇರಬಹುದು. ಸದ್ಯಕ್ಕೆ ಅತ್ತಿ ಉಳಿದಿದೆ.

ಆದರೆ ಈ ಮೊದಲ ಭಾಗದಲ್ಲಿ ನನಗೊಂದು ಅಸಮಾಧಾನ ಉಳಿಯಿತು. ಗೋಡೆಯ ಮೇಲಿನ ಗಿಡಗಳಿಗೂ ಕೆಳಗಿನ ನೀರಿಗೂ ಸಂಬಂಧವೇ ಇಲ್ಲ. ಬೇರು ನೀರನ್ನು ಮುಟ್ಟುವುದಿಲ್ಲ, ನೀರು ಬೇರನ್ನು ಮುಟ್ಟುವುದಿಲ್ಲ. ಬೇಸಿಗೆಯಲ್ಲಿ, ಪಕ್ಕದಲ್ಲೇ ಕಾಲುವೆ ಹರಿಯುತ್ತಿರುವಾಗ, ಇವರು ಹಿತ್ತಿಲ ಮನೆಗಳಿಂದ ಕೊಡದಲ್ಲಿ ನೀರು ತಂದು ಹಾಕುತ್ತಾರೆ. ದಿಬ್ಬದ ಪೂರ್ವಕ್ಕೆ, ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನವರೆಗೆ ಹೋಗುವ ಕೆ-100 ರಾಜಕಾಲುವೆಯನ್ನು ಸರಿಪಡಿಸುವ ದೊಡ್ಡ ಸರ್ಕಾರಿ ಯೋಜನೆ ಬಂದಾಗಲೂ ನಾನು ಕೇಳಿಕೊಂಡಿದ್ದು ಇದನ್ನೇ. ಕೊಳಚೆಯನ್ನು ಬೇರೆ ಪೈಪಿಗೆ ತಿರುಗಿಸುವುದು ದೊಡ್ಡ ಕೆಲಸ, ಬೇಕಾದ ಕೆಲಸ. ನಡೆಯುವ ದಾರಿ, ಗಿಡದ ಕುಂಡ, ಕಲ್ಲುಹಾಸು ಇವೂ ಚೆನ್ನ. ಆದರೆ ದಡವೇ ಗೋಡೆಯಾದ ಮೇಲೆ ಗಿಡ ಅಲಂಕಾರಕ್ಕೆ ಇಳಿಯುತ್ತದೆ. ಇಂಥ ಯೋಜನೆಗಳಿಗೆ ಮಾದರಿಯಾಗಿ ತೋರಿಸುವ ಸೋಲ್ ನಗರದ ಚಿಯಾಂಗ್‌ಗೆಚಿಯಾನ್ ತೊರೆಯ ಮೇಲಿದ್ದ ಹೆದ್ದಾರಿಯನ್ನೇ ಕೆಡವಿ 2005ರಲ್ಲಿ ತೆರೆದರು. ಸುಂದರವಾದ ಜಾಗ ಅದು. ಅಲ್ಲಿ ಹರಿಯುವ ನೀರಿನಲ್ಲಿ ಬಹುಪಾಲು ಮಾತ್ರ ಹಾನ್ ನದಿಯಿಂದ ಪಂಪು ಮಾಡಿ ತಂದದ್ದು.

ಮುಂದೆ ಹೋದೆ. ಪಟ್ಟಿ ಸ್ವಲ್ಪ ಅಗಲವಾಗುವಲ್ಲಿ ಕಳೆ ಕೀಳುವ ಗುಂಪು. ಇಲ್ಲಿ ನಾನು ತುಂಬ ಹೊತ್ತು ಕೂತೆ. ನೆಲದ ಮೇಲೆ ಟಾರ್ಪಾಲು ಹಾಸಿ ಕಿತ್ತದ್ದನ್ನೆಲ್ಲ ಬಿಸಿಲಿಗೆ ಒಣಗಲು ಹರಡಿದ್ದರು. ಕಾಂಗ್ರೆಸ್ ಗಿಡ ಒಂದು ರಾಶಿ, ಲಾಂಟಾನ ಒಂದು ರಾಶಿ, ಎಳೆ ಸುಬಾಬುಲ್ ಒಂದು ಕಟ್ಟು. ಇವನ್ನು ಗುರುತಿಸುವುದು ಸುಲಭ. ಕಷ್ಟ ಕೊಡುವುದು ನೀರಂಚಿನ ಒಂದು ಬಳ್ಳಿ. ಶಿಕ್ಷಕಿ ಎರಡು ಕಡ್ಡಿಗಳನ್ನು ನನ್ನ ಅಂಗೈಯಲ್ಲಿಟ್ಟು ಯಾವುದು ಹೊನಗೊನ್ನೆ ಎಂದು ಕೇಳಿದರು. ಎರಡೂ ಹಸಿರು, ಎರಡರಲ್ಲೂ ಎದುರುಬದುರು ಎಲೆ, ಎರಡರಲ್ಲೂ ಬಿಳಿ ಒಣಕಾಗದದಂಥ ಹೂ. ಹೊನಗೊನ್ನೆಯ ಹೂ ಎಲೆಯ ಕಂಕುಳಲ್ಲೇ, ಕಾಂಡಕ್ಕೆ ಅಂಟಿಕೊಂಡು ಕೂತಿರುತ್ತದೆ. ಇನ್ನೊಂದರ ಹೂವಿಗೆ ಉದ್ದ ತೊಟ್ಟು, ಹೂವೂ ದೊಡ್ಡದು. ಕಾಂಡವನ್ನು ಉಗುರಿನಿಂದ ಸೀಳಿ ತೋರಿಸಿದರು, ಒಳಗೆ ಪೊಳ್ಳು. ಅದು ಅಲಿಗೇಟರ್ ಕಳೆ, ದಕ್ಷಿಣ ಅಮೆರಿಕದ್ದು, ಬೆಂಗಳೂರಿನ ಕೆರೆಗಳ ಅಂಚನ್ನೆಲ್ಲ ಹಿಡಿದುಕೊಂಡಿದೆ. ಪೊಳ್ಳು ಕಾಂಡ ತೇಲುತ್ತದೆ, ಗೆಣ್ಣಿನ ಒಂದು ತುಂಡು ಸಿಕ್ಕರೂ ಸಾಕು, ಕೆಳಗೆಲ್ಲೋ ದಡ ಹಿಡಿದು ಮತ್ತೆ ಬೇರು ಬಿಡುತ್ತದೆ. ಆದ್ದರಿಂದ ಕಿತ್ತದ್ದರ ಒಂದು ಚೂರೂ ನೀರಿಗೆ ಬೀಳಬಾರದು. ಗೋಣಿಚೀಲದಲ್ಲಿ ತುಂಬಿ ಮೇಲೆ ತಂದು, ಕರಕಲಾಗುವವರೆಗೆ ಟಾರ್ಪಾಲಿನ ಮೇಲೆ ಒಣಗಿಸುತ್ತಾರೆ. ಹೊನಗೊನ್ನೆಯನ್ನು ಬಿಡುತ್ತಾರೆ. ಆದರೆ ಇಲ್ಲಿಯದನ್ನು ಯಾರೂ ಪಲ್ಯಕ್ಕೆ ಒಯ್ಯುವುದಿಲ್ಲ. ಈ ನೀರು ಕುಡಿದು ಬೆಳೆದ ಸೊಪ್ಪಿನಲ್ಲಿ ಏನೇನು ಸೇರಿರುತ್ತದೋ ಎಂದು ಅಜ್ಜಿಯೇ ಎಲ್ಲರನ್ನೂ ಎಚ್ಚರಿಸಿದ್ದಾರೆ.

ಹರಳು ಗಿಡಗಳ ಬಗ್ಗೆ ಅವರೊಳಗೆ ಚರ್ಚೆಯಿದೆ. ಕಾಲುವೆ ದಡದಲ್ಲೆಲ್ಲ ಹರಳು ತಾನೇ ತಾನಾಗಿ ಬರುತ್ತದೆ. ಮೂಲ ಆಫ್ರಿಕಾ, ನಮ್ಮಲ್ಲಿಗೆ ಬಂದು ಎಷ್ಟೋ ಕಾಲವಾಯಿತು. ಕೀಳಬೇಕೆನ್ನುವವರು ಕೀಳುತ್ತಾರೆ. ಕಾಲೇಜಿನ ಹುಡುಗಿಯೊಬ್ಬಳು ಒಂದು ಎಲೆ ಮಗುಚಿ ತೋರಿಸಿದಳು. ಅಡಿಯಲ್ಲಿ ಹಸಿರು ಮುಳ್ಳು ಹುಳು, ಕ್ಯಾಸ್ಟರ್ ಚಿಟ್ಟೆಯದು. ಆ ಚಿಟ್ಟೆಯ ಮರಿಗಳಿಗೆ ಹರಳೆಲೆಯೇ ಊಟ. ಕೊನೆಗೆ ಬಗೆಹರಿದದ್ದು ಹೀಗೆ: ಪಟ್ಟಿಯ ಈ ತುದಿಯಲ್ಲಿ ಒಂದು ಗುಂಪು ಹರಳು ಇರಲಿ, ಉಳಿದದ್ದು ಹೋಗಲಿ. ಎಕ್ಕದ ಗಿಡಗಳನ್ನಂತೂ ಯಾರೂ ಮುಟ್ಟಿಲ್ಲ.

ಇಲ್ಲಿಂದ ಕಾಲುವೆ ಬಲಕ್ಕೆ ತಿರುಗುತ್ತದೆ. ತಿರುವಿನಲ್ಲಿ ಒಂದು ಕಡೆಯ ಗೋಡೆ ಹಿಂದೆಂದೋ ಕುಸಿದಿದೆ. ಕಟ್ಟಿಸುವವರು ಬಂದಿಲ್ಲ. ಕುಸಿದ ಜಾಗ ಅಂಗಳದಷ್ಟು ಅಗಲದ ಇಳಿಜಾರಾಗಿ ನೀರಿನವರೆಗೆ ಹೋಗುತ್ತದೆ. ನನ್ನ ಮಟ್ಟಿಗೆ ಇಡೀ ನಡಿಗೆಯಲ್ಲಿ ನೋಡಲೇಬೇಕಾದ ಜಾಗ ಇದು. ಇಲ್ಲಿ ದಡವಿದೆ. ಮಳೆಗೆ ನೀರು ಏರಿದ ಗುರುತು ಹುಲ್ಲಿನ ಮೇಲೆ ಕಾಣುತ್ತದೆ, ಹೊತ್ತು ತಂದ ಹೂಳನ್ನು ಬಿಟ್ಟು ಹೋಗಿದೆ. ಆ ಹೂಳಿನಲ್ಲಿ ಜೊಂಡು ತಾನೇ ಬಂದಿದೆ. ಅದರ ಮೇಲೆ ಇವರು ನೆಟ್ಟ ಲಾವಂಚದ ಸಾಲು. ಲಾವಂಚದ ಬೇರು ನೇರವಾಗಿ ಆಳಕ್ಕೆ ಇಳಿದು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ, ನೀರು ನುಗ್ಗಿದರೂ ಅಲುಗುವುದಿಲ್ಲ. ಅದಕ್ಕೂ ಮೇಲೆ ಲಕ್ಕಿ ಪೊದೆ, ನೀಲಿ ಹೂ ಬಿಟ್ಟು ನಿಂತಿತ್ತು. ಎಲೆ ಹಿಸುಕಿ ಮೂಸಿದರೆ ಸ್ವಲ್ಪ ಹೊತ್ತು ಕಾಲುವೆಯ ವಾಸನೆ ಮರೆತುಹೋಗುತ್ತದೆ.

ಲಕ್ಕಿಯ ನಡುವೆ ಸೊಂಟದೆತ್ತರದ ಹೊಳೆಮತ್ತಿ ಸಸಿಗಳು. ಒಂದು ಎಲೆಯನ್ನು ತಿರುಗಿಸಿ ನೋಡಿದೆ. ತೊಟ್ಟು ಎಲೆಗೆ ಸೇರುವಲ್ಲಿ ಸಾಸಿವೆಗಿಂತ ಚಿಕ್ಕ ಎರಡು ಗಂಟುಗಳು, ಅದು ಮತ್ತಿಯ ಗುರುತು. ಅರ್ಕಾವತಿ ಕಾವೇರಿ ಸೇರುವ ಸಂಗಮದಲ್ಲಿ, ಅಲ್ಲಿಂದ ಮುತ್ತತ್ತಿಯ ಕಡೆ ಹೊಳೆಯುದ್ದಕ್ಕೂ, ಬಿಳಿ ತೊಗಟೆಯ ಭಾರಿ ಹೊಳೆಮತ್ತಿಗಳನ್ನು ನೋಡಿದವರಿಗೆ ಈ ಸಸಿಗಳ ಮುಂದೆ ನಿಂತಾಗ ಬೇರೆಯೇ ಅನಿಸುತ್ತದೆ. ಈ ಕಾಲುವೆಯ ನೀರು ಕೊನೆಗೆ ಸಂಗಮದ ಆ ಮರಗಳ ಬುಡಕ್ಕೇ ಹೋಗುತ್ತದೆ. ಮತ್ತಿಯ ಕಾಯಿಗೆ ಐದು ರೆಕ್ಕೆ, ಹಗುರ, ನೀರಿನಲ್ಲಿ ತೇಲುತ್ತದೆ. ಇಲ್ಲಿಯ ಸಸಿಗಳು ಆ ಕಡೆಯ ಬೀಜದಿಂದಲೇ ಬಂದವು, ಗೆಳೆಯರೊಬ್ಬರು ಜೇಬಿನಲ್ಲಿ ಹಾಕಿಕೊಂಡು ತಂದಿದ್ದು ಎಂದರು.

ಇಲ್ಲಿ ಹಕ್ಕಿಗಳಿದ್ದವು. ಜೊಂಡಿನ ಬುಡದಲ್ಲಿ ಹುಂಡುಕೋಳಿಯೊಂದು ಬಿಳಿ ಎದೆ ತೋರಿಸಿ ಒಳಗೆ ಸರಿಯಿತು. ಕೊಳದ ಬಕ ಒಂದು ಗೋಡೆಯ ಮುರಿದ ಅಂಚಿನಲ್ಲಿ ಕೂತಿತ್ತು. ಲಕ್ಕಿಯ ಒಳಗಿಂದ ಸಣ್ಣ ಹಕ್ಕಿಯೊಂದು ಎಡೆಬಿಡದೆ ಕೂಗುತ್ತಿತ್ತು, ಟುವ್ವಿಹಕ್ಕಿ ಅಂದುಕೊಂಡೆ, ಕಣ್ಣಿಗೆ ಬೀಳಲಿಲ್ಲ. ಹಾಗೆಂದು ತೊರೆ ಬದುಕಿತು ಎನ್ನಲಾರೆ. ಇವು ಕೊಳಚೆಯನ್ನೂ ಸಹಿಸುವ ಹಕ್ಕಿಗಳು. ನೀರಂಚಿನ ಕೆಸರನ್ನು ಕಡ್ಡಿಯಿಂದ ಕೆದಕಿದಾಗ ಕಂಡದ್ದು ದಾರದಂಥ ಕೆಂಪು ಹುಳುಗಳು. ಆಮ್ಲಜನಕ ತೀರ ಕಡಿಮೆಯಿರುವ ನೀರಿನಲ್ಲೂ ಅವು ಬದುಕುತ್ತವೆ. ಮೀನು, ಕಪ್ಪೆ ಕಾಣಲಿಲ್ಲ. ಸ್ವಯಂಸೇವಕರೂ ಇದರ ಬಗ್ಗೆ ಉತ್ಪ್ರೇಕ್ಷೆ ಮಾಡುವುದಿಲ್ಲ. ಮೇಲಿನ ಮನೆಗಳ ಕೊಳಚೆ ಒಳಚರಂಡಿಗೆ ಸೇರುವವರೆಗೆ ಗಿಡಗಳಿಂದ ನೀರು ಶುದ್ಧವಾಗದು ಎಂದು ಅವರೇ ಮೊದಲು ಹೇಳುತ್ತಾರೆ.

ಇಳಿಜಾರಿನ ಮೇಲ್ತುದಿಯಲ್ಲಿ, ಹಿತ್ತಿಲ ಗೋಡೆಯ ಬುಡದಿಂದ ತಿಳಿನೀರು ಜಿನುಗುತ್ತಿತ್ತು. ಕಲ್ಲುಗಳ ನಡುವೆ ಅಂಗೈಯಷ್ಟು ಗುಂಡಿ, ಅದರ ಸುತ್ತ ಒಂದೆಲಗ, ನೀರು ಬ್ರಾಹ್ಮಿ. ಇದು ಒರತೆಯೇ ಎಂದು ಕೇಳಿದೆ. ಒರತೆಯಿರಬಹುದು, ಒಡೆದ ಕಾವೇರಿ ಪೈಪೂ ಇರಬಹುದು ಎಂದರು. ಬಸವನಗುಡಿಯ ಕಹಳೆ ಬಂಡೆ, ಲಾಲ್‌ಬಾಗಿನ ಬಂಡೆ ಎರಡೂ ಈ ದಿಬ್ಬದ ಹಳೆಯ ಕಲ್ಲಿನ ಭಾಗಗಳೇ. ಅಂಥ ಕಲ್ಲಿನ ಬಿರುಕಿನಲ್ಲಿ ಇಳಿದ ಮಳೆನೀರು ಕೆಳಗಿನ ಇಳಿಜಾರಿನಲ್ಲಿ ಹೊರಬರುವುದು ಸಹಜ. ಅಜ್ಜಿಯ ನೆನಪಿನಲ್ಲಿ ಇಲ್ಲೊಂದು ತೆರೆದ ಬಾವಿಯೂ ಇತ್ತು. ಬೇಸಿಗೆಯಲ್ಲೂ ಜಿನುಗು ನಿಲ್ಲಲಿಲ್ಲವಂತೆ, ಅದು ನನ್ನನ್ನು ಪೈಪಿನ ಕಡೆಗೆ ವಾಲಿಸುತ್ತದೆ. ಒಂದೆಲಗಕ್ಕೆ ಎರಡೂ ಒಂದೇ.

ಇನ್ನೂ ಮೇಲೆ, ನಡಿಗೆ ಮುಗಿಯುವಲ್ಲಿ, ಅರಳಿಕಟ್ಟೆ. ನಾಗರಕಲ್ಲುಗಳಿಗೆ ಅರಿಸಿನ ಹಚ್ಚಿದ್ದರು. ಹಾರೆ, ಗುದ್ದಲಿ, ಕೊಡಗಳನ್ನು ಕಟ್ಟೆಗೆ ಒರಗಿಸಿ ಎಲ್ಲರೂ ಚಹಾ ಕುಡಿಯುತ್ತಿದ್ದರು. ನಾನು ಸೇತುವೆಯಿಂದ ಹೊತ್ತು ತಂದ ಪ್ರಶ್ನೆಯನ್ನು ಅಲ್ಲಿ ಕೇಳಿದೆ. ಅವರೊಳಗೂ ಅದೇ ವಾದ ನಡೆಯುತ್ತಿದೆ ಎಂದು ಆಗ ತಿಳಿಯಿತು. ಈ ದಿಬ್ಬ ಎಂದೂ ದಟ್ಟ ಕಾಡಾಗಿರಲಿಲ್ಲ. ಕುರುಚಲು, ಹುಲ್ಲು, ಬಂಡೆ, ನಡುವೆ ಮನುಷ್ಯರೇ ಕಟ್ಟಿದ ಕೆರೆಗಳು, ಕೆರೆಯ ಕೆಳಗೆ ತೋಟಗಳು. ಪೇಟೆಗೆ ನೀರು ಕೊಟ್ಟ ಧರ್ಮಾಂಬುಧಿಯ ಮೇಲೆ ಇವತ್ತು ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣ. ಗವಿಪುರದ ಕೆಂಪಾಂಬುಧಿ ಹೇಗೋ ಉಳಿದುಕೊಂಡಿದೆ. ನಾವು ಬೆಂಗಳೂರಿನ ಹಸಿರು ಎಂದು ಪ್ರೀತಿಸುವ ಗುಲ್‌ಮೊಹರ್, ಜಕರಾಂಡ, ಮಳೆಮರ ಎಲ್ಲ ಹೊರಗಿನಿಂದ ಬಂದವು. ಸೀರೆ ಅಂಗಡಿಯವರ ನಿಲುವು ಸರಳ: ಈ ಸುತ್ತಿನ ಹಳಬರಿಗೆ ಯಾವ ಗಿಡದ ಹೆಸರು, ಉಪಯೋಗ ಎರಡೂ ಗೊತ್ತೋ ಅದನ್ನು ಬೆಳೆಸೋಣ, ಆಗ ಅದನ್ನು ಕಾಯುವವರು ಸಿಗುತ್ತಾರೆ. ಸಸ್ಯಶಾಸ್ತ್ರದ ಲೆಕ್ಕಕ್ಕೆ ಇದು ಪೂರ್ತಿ ಒಪ್ಪುವಂತಿಲ್ಲ. ನನಗೆ ಮಾತ್ರ ಒಪ್ಪಿಗೆಯಾಯಿತು. ಹಿತ್ತಿಲ ಮನೆಯವರು ಕೊಡ ನೀರು ಕೊಡುವುದು ಹೊಂಗೆಗೆ, ಲಕ್ಕಿಗೆ, ನೇರಳೆಗೆ. ಹೆಸರು ಗೊತ್ತಿಲ್ಲದ ಗಿಡಕ್ಕೆ ಅವರು ಬಾಗಿಲು ತೆರೆಯುತ್ತಿದ್ದರೋ ಇಲ್ಲವೋ.

ಕಾಲೇಜಿನವರು ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಎಲ್ಲವನ್ನೂ ನಾವೇ ಆರಿಸಿ ನೆಟ್ಟರೆ ಮಣ್ಣಿನಲ್ಲೇ ಇರುವ ಬೀಜಗಳಿಗೆ ಅವಕಾಶವೆಲ್ಲಿ? ಕಟ್ಟೆಯ ಪಕ್ಕದ ತುಂಡು ನೆಲಕ್ಕೆ ಈ ಮಳೆಗಾಲ ಯಾರೂ ಏನೂ ನೆಡುವುದಿಲ್ಲ ಎಂದು ತೀರ್ಮಾನವಾಗಿದೆ. ಕಾಂಗ್ರೆಸ್ ಗಿಡ, ಲಾಂಟಾನ ಮಾತ್ರ ಕೀಳುವುದು. ನಾನು ಹೋದಾಗ ಅಲ್ಲಿ ಗರಿಕೆ, ತುಂಬೆ, ಉತ್ತರಣೆ, ಕೊನ್ನಾರಿ ಬಂದಿದ್ದವು. ಹೆಸರು ಯಾರಿಗೂ ತಿಳಿಯದ ಹುಲ್ಲು ಒಂದೆರಡಿದ್ದವು, ಅವು ತೆನೆ ಬಿಡುವವರೆಗೆ ಕಾಯುತ್ತಾರೆ. ಸುತ್ತ ಬಿದಿರು ಕಡ್ಡಿ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದಾರೆ. ಹೂಳೆತ್ತಲು ಬರುವ ಜೆಸಿಬಿಯ ಚಾಲಕನಿಗೆ ಅದು ದೂರದಿಂದಲೇ ಕಾಣಬೇಕು. ಕಳೆದ ಸಲ ಎತ್ತಿದ ಹೂಳನ್ನು ಯಂತ್ರ ಸುರಿದು ಹೋಗಿದ್ದು ಇದೇ ನೆಲದ ಮೇಲೆ.